ಅಂಡಮಾನ್: ಇಳಿತ ನೋಡಿಕೊಂಡು ಹೊರಡಿ (ಹವಳದ ದಿಬ್ಬ, ಕಾಂಡ್ಲಾ, ಕಾಡು ಸುತ್ತಿದ ನಮ್ಮಿಬ್ಬರ ಅನುಭವ)

ಘಟ್ಟದವಳು

ಅಂಡಮಾನ್ ಬಗ್ಗೆ ಇಲ್ಲಿ ಬರುವ ಪ್ರಶ್ನೆಗಳು ಹೆಚ್ಚಾಗಿ ಒಂದೇ ಥರ. ಐದು ದಿನದಲ್ಲಿ ಎಷ್ಟು ದ್ವೀಪ ಮುಗಿಸಬಹುದು? ಯಾವ ಪ್ಯಾಕೇಜ್ ಅಗ್ಗ? ನಾವು ಗಂಡ ಹೆಂಡತಿ ಹೊರಟಿದ್ದು ಬೇರೆ ಲೆಕ್ಕದಲ್ಲಿ. ಮೊದಲು ಉಬ್ಬರ ಇಳಿತದ ವೇಳಾಪಟ್ಟಿ ತೆಗೆದು ನೋಡಿದೆವು. ಫೆರ್ರಿ, ರೂಮು ಎಲ್ಲ ಆಮೇಲೆ. ಹೊರಡುವವರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇವರದು ಹೊನ್ನಾವರ. ನನ್ನದು ಸಾಗರದ ಕಡೆಯ ಹಳ್ಳಿ. ಇವರಿಗೆ ಕಡಲು ಗೊತ್ತು, ನನಗೆ ಕಾಡು ಗೊತ್ತು. ಪಟ್ಟಿ ನೋಡುವ ಐಡಿಯಾ ಇವರದೇ.

ಅಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ವ್ಯತ್ಯಾಸ ಜಾಸ್ತಿ, ಎರಡು ಮೀಟರ್ ಹತ್ತಿರ ಬರುತ್ತದೆ. ನೀಲ್ ದ್ವೀಪದಲ್ಲಿ ಇದು ಗೊತ್ತಿಲ್ಲದೆ ಹೋದರೆ ಅರ್ಧ ನೋಡಿದ ಹಾಗೆ. ಲಕ್ಷ್ಮಣಪುರದ ಕಲ್ಲಿನ ಕಮಾನಿನ ಕೆಳಗೆ ಇಳಿತದಲ್ಲಿ ಮಾತ್ರ ನಡೆದು ಹೋಗಬಹುದು. ಭರತ್‌ಪುರ ಇದಕ್ಕೆ ಉಲ್ಟಾ. ಅಲ್ಲಿ ನೀರು ಇಳಿದಾಗ ಹವಳ ತುಳಿಯದೆ ಈಜುವುದು ಕಷ್ಟ, ಏರಿದಾಗಲೇ ಇಳಿಯಬೇಕು. ಪ್ಯಾಕೇಜಿನವರು ತಮ್ಮ ಗಾಡಿಯ ಟೈಮಿಗೆ ಕರೆದೊಯ್ದರೆ ಎರಡೂ ತಪ್ಪುತ್ತವೆ.

ಆ ಕಮಾನಿನ ಹತ್ತಿರ ಸ್ಥಳೀಯ ಗೈಡ್ ಒಬ್ಬರ ಜೊತೆ ನಿಧಾನವಾಗಿ ನಡೆದೆವು. ಅವರು ಮೊದಲೇ ಹೇಳಿದ್ದು ಒಂದೇ ಮಾತು: ಮರಳಿನ ಮೇಲೆ ಇಲ್ಲವೇ ಬರಿ ಕಲ್ಲಿನ ಮೇಲೆ ಕಾಲಿಡಿ, ಬಣ್ಣ ಇರುವ ಯಾವುದರ ಮೇಲೂ ಬೇಡ. ಹೊಂಡಗಳಲ್ಲಿ ನಿಂತ ನೀರಿನಲ್ಲಿ ದೈತ್ಯ ಚಿಪ್ಪೊಂದಿತ್ತು. ಕಲ್ಲಿನೊಳಗೆ ಹೂತುಕೊಂಡು ಬಾಯಿ ತೆರೆದಿತ್ತು, ತುಟಿಯ ಅಂಚು ಗಾಢ ನೀಲಿ. ನಮ್ಮ ನೆರಳು ಬಿದ್ದ ಕೂಡಲೇ ಮುಚ್ಚಿಕೊಂಡಿತು. ನೆರಳು ಸರಿದ ಮೇಲೆ ತುಂಬಾ ಹೊತ್ತು ಕಾದು, ಒಂದೊಂದೇ ಎಳೆ ತೆರೆಯಿತು. ಕಾಯಲು ನಮಗೂ ಪುರುಸೊತ್ತಿತ್ತು, ಅದಕ್ಕೇ ಕಂಡಿತು.

ಅದರ ಪಕ್ಕದಲ್ಲೇ ಒಂದು ದೊಡ್ಡ ಗುಂಡು ಹವಳ. ಮೇಲ್ಭಾಗ ಬೀಸುಕಲ್ಲಿನ ಹಾಗೆ ಚಪ್ಪಟೆ, ಮತ್ತು ಸತ್ತದ್ದು. ಸುತ್ತಲಿನ ಬದಿಗಳಲ್ಲಿ ಮಾತ್ರ ಜೀವ. ಯಾಕೆ ಹೀಗೆ? ಅತಿ ಇಳಿತದಲ್ಲಿ ನೀರು ಎಲ್ಲಿಯವರೆಗೆ ಇರುತ್ತದೋ ಅಲ್ಲಿಯವರೆಗೆ ಮಾತ್ರ ಹವಳ ಮೇಲಕ್ಕೆ ಬೆಳೆಯುತ್ತದೆ. ಅದಕ್ಕಿಂತ ಮೇಲೆ ಹೋದರೆ ಬಿಸಿಲಿಗೆ ಸಾಯುತ್ತದೆ, ಆಮೇಲೆ ಅಡ್ಡಕ್ಕೆ ಬೆಳೆಯುತ್ತದೆ. ಈ ಜಾತಿ ವರ್ಷಕ್ಕೆ ಬೆಳೆಯುವುದೇ ಒಂದು ಸೆಂಟಿಮೀಟರ್ ಆಚೀಚೆ. ಹಿಂದೆ ಭೂಕಂಪದಲ್ಲಿ ನೆಲ ಎಷ್ಟು ಎದ್ದಿತು, ಎಷ್ಟು ಕುಸಿಯಿತು ಅಂತ ವಿಜ್ಞಾನಿಗಳು ಇಂಥ ಹವಳದ ಪದರಗಳಿಂದಲೇ ಲೆಕ್ಕ ಹಾಕುತ್ತಾರೆ.

ಇನ್ನು ಕಾಡು. ಮೌಂಟ್ ಹ್ಯಾರಿಯಟ್ (2021ರಿಂದ ಮೌಂಟ್ ಮಣಿಪುರ) ಮೇಲೆ, ಚಿಡಿಯಾ ಟಾಪು ಕಡೆ ನಡೆದಾಗ ನನಗೆ ಮೊದಲು ಗೊತ್ತಾಗಿದ್ದು ಸದ್ದು. ನಮ್ಮ ಕಡೆ ಕಾಡಿನಲ್ಲಿ ಮುಸುವದ ಕೂಗು ಕೇಳದ ಬೆಳಗೇ ಇಲ್ಲ. ಅಂಡಮಾನಿನ ಕಾಡಿನಲ್ಲಿ ಮಂಗ ಇಲ್ಲ. ಚಿರತೆ ಇಲ್ಲ, ಕಾಡುಕೋಣ ಇಲ್ಲ. ಮೊದಲಿಂದ ಇದ್ದ ದೊಡ್ಡ ಪ್ರಾಣಿ ಅಂದರೆ ಕಾಡುಹಂದಿ ಮಾತ್ರ. ಮರಗಳು ಮಾತ್ರ ಪರಿಚಯದವರ ಹಾಗೆ ಕಂಡವು. ಅಲ್ಲಿಯ ಪಡೌಕ್ ನಮ್ಮ ಹೊನ್ನೆ ಮರದ ಸಮೀಪದ ನೆಂಟ, ಎರಡೂ ಒಂದೇ ಕುಲ. ಆದರೆ ಅಲ್ಲಿ ಅದರ ಬುಡದಿಂದ ಹಲಗೆಯಂಥ ಬೇರುಗಳು ನನ್ನ ತಲೆಗಿಂತ ಎತ್ತರಕ್ಕೆ ಎದ್ದಿದ್ದವು.

ಕಾಡು, ಕಾಂಡ್ಲಾ (ಕಡಲಂಚಿನ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್), ಹವಳ ಮೂರನ್ನೂ ಒಂದೇ ಸಲ ನೋಡಿದ್ದಕ್ಕೆ ಒಂದು ವಿಷಯ ಸ್ಪಷ್ಟ ಆಯಿತು. ಮಳೆಗೆ ಗುಡ್ಡದ ಮಣ್ಣು ಕೊಚ್ಚಿಹೋಗದ ಹಾಗೆ ಕಾಡು ಹಿಡಿಯುತ್ತದೆ. ತಪ್ಪಿಸಿಕೊಂಡು ಬಂದದ್ದನ್ನು ಕಾಂಡ್ಲಾದ ಬೇರು ತಡೆಯುತ್ತದೆ. ಆದ್ದರಿಂದಲೇ ಹವಳದ ಮೇಲಿನ ನೀರು ತಿಳಿಯಾಗಿ ಇರುತ್ತದೆ, ಬಿಸಿಲು ಕೆಳಗೆ ಇಳಿಯುತ್ತದೆ. ಹವಳದ ಮೀನುಗಳಲ್ಲಿ ಎಷ್ಟೋ ಮರಿಯಾಗಿದ್ದಾಗ ಕಾಂಡ್ಲಾದ ಬೇರುಗಳ ನಡುವೆ ಬೆಳೆಯುತ್ತವೆ. ಬರೀ ಬೀಚ್ ನೋಡಿ ವಾಪಸ್ ಬರುವವರಿಗೆ ಈ ನಂಟು ಕಾಣುವುದಿಲ್ಲ. ಒಂದು ದ್ವೀಪ ಕಮ್ಮಿ ಮಾಡಿ, ಅದೇ ಜಾಗದಲ್ಲಿ ಇನ್ನೊಂದು ದಿನ ಇರಿ. ನಾನು ಹೇಳಬೇಕಾದದ್ದು ಇಷ್ಟೇ.

ಹೊಸಜೋಡಿ ಮೈಸೂರು

ಅಕ್ಕ, ತುಂಬಾ ಚೆನ್ನಾಗಿ ಬರೆದಿದ್ದೀರಿ. ನಾವು ಜನವರಿಯಲ್ಲಿ ಹೊರಟಿದ್ದೇವೆ. ಇಬ್ಬರಿಗೂ ಈಜು ಬರುವುದಿಲ್ಲ. ಸ್ಕೂಬಾ ಮಾಡಿಸುತ್ತೇವೆ ಅಂತ ಏಜೆಂಟ್ ಹೇಳುತ್ತಿದ್ದಾರೆ. ಈಜು ಬರದವರು ಮಾಡಬಹುದಾ? ನನ್ನ ಹೆಂಡತಿಗೆ ಸ್ವಲ್ಪ ಭಯ ಇದೆ. ಮತ್ತೆ ನಮ್ಮ ಪ್ಯಾಕೇಜಿನಲ್ಲಿ ಬಾರಾಟಾಂಗ್ ಸುಣ್ಣಕಲ್ಲಿನ ಗುಹೆ ಸೇರಿಸಿದ್ದಾರೆ. ಬೆಳಗಿನ ಜಾವ ಮೂರು ಗಂಟೆಗೆ ಏಳಬೇಕಂತೆ. ಹೋಗಬಹುದಾ?

ನೇತ್ರಾಣಿ ಡೈವರ್

ಸ್ಕೂಬಾ ಬಗ್ಗೆ ನಾನು ಹೇಳುತ್ತೇನೆ. ಮುರುಡೇಶ್ವರದಿಂದ ನೇತ್ರಾಣಿಗೆ ಪ್ರವಾಸಿಗಳನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಮೊದಲ ಸಲ ಮಾಡುವವರಿಗೆ ಈಜು ಕಡ್ಡಾಯ ಅಲ್ಲ. ಪ್ರತಿಯೊಬ್ಬರ ಜೊತೆ ಒಬ್ಬ ಇನ್‌ಸ್ಟ್ರಕ್ಟರ್ ಇರುತ್ತಾರೆ, 12 ಮೀಟರಿಗಿಂತ ಕೆಳಗೆ ಇಳಿಸುವುದಿಲ್ಲ. ಆದರೆ ಆರೋಗ್ಯದ ಫಾರಂ ಕೊಟ್ಟಾಗ ಸುಮ್ನೆ ಎಲ್ಲಕ್ಕೂ ಇಲ್ಲ ಅಂತ ಬರೆದು ಸಹಿ ಹಾಕಬೇಡಿ. ಅಸ್ತಮಾ, ಕಿವಿ ನೋವು, ಬಿಪಿ ಇದ್ದರೆ ಮೊದಲೇ ಡಾಕ್ಟರ್ ಹತ್ತಿರ ಕೇಳಿ. ನೆಗಡಿ ಇದ್ದರೆ ಆ ದಿನ ಇಳಿಯಲೇಬೇಡಿ, ಕಿವಿಯ ಒತ್ತಡ ಸರಿಮಾಡಿಕೊಳ್ಳಲು ಆಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಡೈವ್ ಮಾಡಿದ ಮೇಲೆ ವಿಮಾನ ಹತ್ತಲು 18 ಗಂಟೆ ಬಿಡಿ. ದೇಹದಲ್ಲಿ ಸೇರಿಕೊಂಡ ಸಾರಜನಕ ನಿಧಾನವಾಗಿ ಹೊರಹೋಗಬೇಕು. ಆದ್ದರಿಂದ ಕೊನೆಯ ದಿನ ಡೈವ್ ಇಟ್ಟುಕೊಳ್ಳಬೇಡಿ. ನಿಮ್ಮ ಮನೆಯವರಿಗೆ ಭಯ ಇದ್ದರೆ ಬಲವಂತ ಬೇಡ. ಮೊದಲು ಆಳ ಇಲ್ಲದ ನೀರಿನಲ್ಲಿ ಬರೀ ಮಾಸ್ಕ್ ಹಾಕಿಕೊಂಡು ಮುಖ ಮುಳುಗಿಸಿ ಉಸಿರಾಡಲಿ. ಅದು ಅಭ್ಯಾಸ ಆದರೆ ಭಯ ಅರ್ಧ ಇಳಿಯುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡು ಸ್ನಾರ್ಕೆಲ್ (ಬಾಯಲ್ಲಿ ಉಸಿರಿನ ಕೊಳವೆ ಇಟ್ಟುಕೊಂಡು ಮೇಲೆ ತೇಲುತ್ತಾ ಕೆಳಗೆ ನೋಡುವುದು) ಮಾಡಿದರೂ ಸಾಕು. ಹವಳ ಚೆನ್ನಾಗಿರುವುದು ಹೆಚ್ಚಾಗಿ ಬೆಳಕು ಬೀಳುವ ಮೇಲಿನ ಭಾಗದಲ್ಲೇ ಅಲ್ವಾ.

ಘಟ್ಟದವಳು

ನಾನೂ ಈಜು ಬರದವಳೇ. ಸ್ನಾರ್ಕೆಲ್ ಮಾತ್ರ ಮಾಡಿದ್ದು, ಇವರು ಡೈವ್ ಮಾಡಿದರು. ನಾನು ನೀರಿನೊಳಗೆ ಕೇಳಿದ ಸದ್ದು ಹೇಳಲೇಬೇಕು. ಕಟಕಟ ಅಂತ ಏನೋ ಕಡಿಯುವ ಸದ್ದು. ಗಿಳಿಮೀನು ಹವಳದ ಕಲ್ಲನ್ನು ಕೆರೆದು ಅದರ ಮೇಲಿನ ಪಾಚಿ ತಿನ್ನುತ್ತಿತ್ತು. ತಿಂದ ಕಲ್ಲು ಹೊಟ್ಟೆಯಲ್ಲಿ ಪುಡಿಯಾಗಿ ಬಿಳಿ ಮರಳಾಗಿ ಹೊರಗೆ ಬರುತ್ತದೆ. ಹಿಂದಿನಿಂದ ಬಿಳಿ ಮೋಡದ ಥರ ಸುರಿಯುವುದನ್ನು ಕಣ್ಣಾರೆ ನೋಡಿದೆ. ದೊಡ್ಡ ಗಿಳಿಮೀನು ಒಂದು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಅಲ್ಲಿಯ ಬೀಚಿನ ಬಿಳಿ ಮರಳಿನಲ್ಲಿ ಇದರ ಪಾಲೂ ಇದೆ.

ಬಾರಾಟಾಂಗ್‌ಗೆ ನಾವು ಹೋಗಲಿಲ್ಲ. ಬೇಡ ಅಂತಲೇ ನಿರ್ಧಾರ ಮಾಡಿದ್ದು. ಆ ರಸ್ತೆ ಜಾರವಾ ಆದಿವಾಸಿ ಜನರ ಮೀಸಲು ಕಾಡಿನ ನಡುವೆ ಹಾದು ಹೋಗುತ್ತದೆ. ನಮ್ಮ ಏಜೆಂಟ್ ಫೋನಿನಲ್ಲಿ "ಅದೃಷ್ಟ ಇದ್ದರೆ ಜಾರವಾ ಜನ ಕಾಣ್ತಾರೆ" ಅಂದರು. ಆ ಮಾತು ಕೇಳಿದ ಮೇಲೆ ಮನಸ್ಸೇ ಬರಲಿಲ್ಲ.

ಬಯಲುಸೀಮೆಯವ

ಮೇಡಂ, ನಿಮ್ಮ ಅಭಿಪ್ರಾಯಕ್ಕೆ ಗೌರವ ಇದೆ. ಆದರೆ ಒಂದು ಮಾತು. ನಮಗೆ ವರ್ಷಕ್ಕೆ ಸಿಗುವುದು ಒಂದೇ ವಾರ ರಜೆ. ಜೀವನದಲ್ಲಿ ಒಂದು ಸಲ ಹೋಗುವ ಜಾಗ. ಸಾಧ್ಯವಾದಷ್ಟು ನೋಡಬೇಕು ಅನ್ನಿಸುವುದು ಸಹಜ ಅಲ್ವಾ? ಬಾರಾಟಾಂಗ್‌ನಲ್ಲಿ ಕಾಂಡ್ಲಾದ ನಡುವೆ ದೋಣಿಯಲ್ಲಿ ಹೋಗುವುದು, ಗುಹೆ, ಮಣ್ಣಿನ ಜ್ವಾಲಾಮುಖಿ ಎಲ್ಲ ಇದೆ. ಸರ್ಕಾರವೇ ಪೊಲೀಸ್ ಬೆಂಗಾವಲಿನಲ್ಲಿ ಗಾಡಿ ಬಿಡುತ್ತದೆ. ಅಲ್ಲಿಯವರ ಹೊಟ್ಟೆಪಾಡೂ ಪ್ರವಾಸಿಗಳ ಮೇಲೆ ನಿಂತಿದೆ. ಫೋಟೋ ತೆಗೆಯದೆ, ಗಾಡಿ ನಿಲ್ಲಿಸದೆ ಹೋಗಿ ಬಂದರೆ ಯಾರಿಗೆ ತೊಂದರೆ?

ಬ್ಲೇರ್ ಕನ್ನಡಿಗ

ಕೆಲಸದ ಮೇಲೆ ಇಲ್ಲಿಗೆ ಬಂದು ನೆಲೆಸಿದವನು ನಾನು. ಎರಡೂ ಕಡೆ ಕೇಳಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

ಬಯಲುಸೀಮೆ ಅವರೇ, ಆ ರಸ್ತೆ ಮಧ್ಯ ಮತ್ತು ಉತ್ತರ ಅಂಡಮಾನಿನ ಜನರಿಗೆ ಆಸ್ಪತ್ರೆ, ಕಾಲೇಜು, ಕಚೇರಿಗೆ ಬೇಕು. ಅದು ನಿಜ. ಆದರೆ ಪ್ರವಾಸಿಗಳ ಗಾಡಿ ಬೇರೆ ಮಾತು. ಮೀಸಲು ಪ್ರದೇಶದೊಳಗೆ ಹೋಗುವ ಭಾಗವನ್ನು ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು. ಜಾರವಾ ಜನ ಹೊರಗಿನವರ ಜೊತೆ ಬೆರೆಯಲು ಶುರು ಮಾಡಿದ್ದು 1990ರ ದಶಕದ ಕೊನೆಗೆ. 1999ರಲ್ಲಿ ಅವರಲ್ಲಿ ದಡಾರ ಹರಡಿತು. ಕೆಲವೇ ನೂರು ಜನ ಇರುವ ಸಮುದಾಯ. ನಮಗೆ ಸಣ್ಣ ಜ್ವರ ಅನ್ನಿಸುವುದು ಅವರಿಗೆ ದೊಡ್ಡ ಅಪಾಯ. ತೊಂದರೆ ಯಾರಿಗೆ ಅಂತ ಕೇಳಿದಿರಿ, ಉತ್ತರ ಇದು. ಸಾಲಾಗಿ ಗಾಡಿಗಳು ಮನೆಯಂಗಳದಲ್ಲಿ ಹಾದುಹೋಗುವುದೇ ಒಂದು ತೊಂದರೆ, ಫೋಟೋ ತೆಗೆಯಲಿ ಬಿಡಲಿ.

ಕಾಂಡ್ಲಾ ನೋಡಬೇಕಾದರೆ ಹ್ಯಾವ್ಲಾಕ್‌ನಲ್ಲಿ ಕಯಾಕ್ ಇದೆ. ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಹೋದರೆ ಹುಟ್ಟು ಹಾಕಿದಾಗ ನೀರು ಮಿನುಗುತ್ತದೆ. ನೀರಿನಲ್ಲಿರುವ ಸೂಕ್ಷ್ಮ ಜೀವಿಗಳು ಅಲುಗಾಟಕ್ಕೆ ಬೆಳಕು ಬಿಡುತ್ತವೆ. ಅಲ್ಲಿಯ ದುಡಿಮೆಯೂ ಸ್ಥಳೀಯರಿಗೇ ಸೇರುತ್ತದೆ.

ಇಲ್ಲಿಯ ಹೆಸರುಗಳ ಬಗ್ಗೆಯೂ ಹೇಳಿಬಿಡುತ್ತೇನೆ, ಟಿಕೆಟ್ ಮಾಡುವಾಗ ಗೊಂದಲ ಆಗುತ್ತದೆ. ಹ್ಯಾವ್ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ. 2018ರ ಡಿಸೆಂಬರ್‌ನಲ್ಲಿ ಬದಲಾಯಿತು. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರ್‌ನಿಂದ ಶ್ರೀ ವಿಜಯ ಪುರಂ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ. ನೀಲ್‌ನ ಊರುಗಳಿಗೆ ಸೀತಾಪುರ, ಭರತ್‌ಪುರ, ಲಕ್ಷ್ಮಣಪುರ ಅಂತ ರಾಮಾಯಣದ ಹೆಸರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ಕಟ್ಟಿದ ಊರುಗಳು. ತರಕಾರಿ ಬೆಳೆಯುವುದರಲ್ಲಿ ಅವರು ಎತ್ತಿದ ಕೈ. ಸಂಜೆ ಸೈಕಲ್ ತೆಗೆದುಕೊಂಡು ಊರೊಳಗಿನ ರಸ್ತೆಯಲ್ಲಿ ಹೋಗಿ, ಬಾಳೆ, ಅಡಿಕೆ, ತೆಂಗಿನ ತೋಟ ಕಾಣುತ್ತವೆ. ನಮ್ಮವರಿಗೆ ಹಿಡಿಸುತ್ತದೆ.

ಮತ್ತೆ, ಇಲ್ಲಿ ಬೇಗ ಕತ್ತಲಾಗುತ್ತದೆ. ದೇಶದ ಪೂರ್ವದ ಅಂಚಿನಲ್ಲಿದ್ದರೂ ಗಡಿಯಾರ ಬೆಂಗಳೂರಿನದೇ. ಡಿಸೆಂಬರ್‌ನಲ್ಲಿ ಸಂಜೆ ಐದರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಊಟ ಮಾಡಿ ಮಲಗಿ ನಾಲ್ಕು ಗಂಟೆಗೆ ಹೊರಟರೆ ಏನೂ ಸಿಗುವುದಿಲ್ಲ.

ಬಯಲುಸೀಮೆಯವ

ದಡಾರದ ವಿಷಯ ನನಗೆ ಗೊತ್ತಿರಲಿಲ್ಲ ಸರ್. ಕಯಾಕ್ ಆಯ್ಕೆ ಒಳ್ಳೆಯದು, ಅದನ್ನೇ ಸೇರಿಸಿಕೊಳ್ಳುತ್ತೇವೆ. ಇನ್ನೊಂದು ಪ್ರಶ್ನೆ. ಹವಳ ಎಲ್ಲ ಸತ್ತುಹೋಗಿದೆ, ನೋಡಲು ಏನೂ ಉಳಿದಿಲ್ಲ ಅಂತ ನನ್ನ ಗೆಳೆಯರು ಹೇಳುತ್ತಾರೆ. ನಿಜನಾ?

ನೇತ್ರಾಣಿ ಡೈವರ್

ಪೂರ್ತಿ ನಿಜ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಸಣ್ಣ ಪಾಚಿ ಇರುತ್ತದೆ. ಪಾಚಿ ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೂ ಕೊಡುತ್ತದೆ. ಬಣ್ಣವೂ ಹೆಚ್ಚಾಗಿ ಅದರದೇ. ಸಮುದ್ರದ ನೀರು ಬೇಸಿಗೆಯಲ್ಲಿ ಇರಬೇಕಾದದ್ದಕ್ಕಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. ಆಗ ಬೆಳ್ಳಗಾಗುತ್ತದೆ. ಬೆಳ್ಳಗಾದ ಕೂಡಲೇ ಸತ್ತಿತು ಅಂತಲ್ಲ. ನೀರು ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ. ತಣ್ಣಗಾಗದಿದ್ದರೆ ಉಪವಾಸ ಬಿದ್ದು ಸಾಯುತ್ತದೆ.

ಅಂಡಮಾನಿನಲ್ಲಿ 1998ರಲ್ಲಿ, 2010ರಲ್ಲಿ, 2016ರಲ್ಲಿ ಹೀಗಾಯಿತು. 2010ರದ್ದು ತುಂಬಾ ಕೆಟ್ಟದ್ದು. ಕೊಂಬೆ ಕೊಂಬೆಯಾಗಿ ಬೆಳೆಯುವ ಹವಳ ಮೊದಲು ಹೋಗುತ್ತದೆ. ಘಟ್ಟದವಳು ಅವರು ಹೇಳಿದ ಗುಂಡು ಹವಳ ಗಟ್ಟಿ, ಜಾಸ್ತಿ ತಡೆದುಕೊಳ್ಳುತ್ತದೆ. ಹಾಗಾಗಿ ಈಗ ಕೆಲವು ಕಡೆ ಮುರಿದ ಕೊಂಬೆಗಳ ರಾಶಿ, ಅದರ ನಡುವೆ ಅಂಗೈಯಗಲದ ಹೊಸ ಹವಳ ಕಾಣುತ್ತದೆ. ಆ ಹೊಸದನ್ನು ಈಜಲು ಕಾಲಿಗೆ ಹಾಕುವ ಫಿನ್‌ನಲ್ಲಿ ಒದೆಯದೆ ಇರುವುದು ನಮ್ಮ ಕೈಯಲ್ಲಿದೆ. ನನಗೆ ಪ್ರವಾಸಿಗಳ ಮೇಲೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ: ಸುಸ್ತಾದಾಗ ಹವಳದ ಮೇಲೆ ನಿಲ್ಲುತ್ತಾರೆ. ಸುಸ್ತಾದರೆ ಬೆನ್ನ ಮೇಲೆ ತೇಲಿ. ಲೈಫ್ ಜಾಕೆಟ್ ಇರುವುದೇ ಅದಕ್ಕೆ.

ಹಕ್ಕಿಪ್ರಿಯೆ

ಕಾಡಿನ ಭಾಗಕ್ಕೆ ನಾನು ಸ್ವಲ್ಪ ಸೇರಿಸಲಾ? ಮೌಂಟ್ ಹ್ಯಾರಿಯಟ್ ಕಡೆಯ ದೃಶ್ಯವನ್ನು ನೀವೆಲ್ಲ ನೋಡಿಯೇ ಇದ್ದೀರಿ. ಹಳೆಯ 20 ರೂಪಾಯಿ ನೋಟಿನ ಹಿಂಭಾಗದ ಚಿತ್ರ ಅದೇ. ಅಲ್ಲಿ ಬೆಳಕು ಹರಿಯುವ ಮೊದಲೇ ಹೋಗಿ. ಅಂಡಮಾನ್ ಮರಕುಟಿಗ ಸಿಗಬಹುದು. ಕಪ್ಪು ಮೈ, ಗಂಡಿಗೆ ಕೆಂಪು ಜುಟ್ಟು. ಪ್ರಪಂಚದಲ್ಲಿ ಅಂಡಮಾನ್ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ. ಪೋರ್ಟ್ ಬ್ಲೇರ್ ಹತ್ತಿರದ ಸಿಪ್ಪಿಘಾಟ್‌ಗೂ ಹೋಗಿ. 2004ರ ಭೂಕಂಪಕ್ಕೆ ಮೊದಲು ಅದು ಗದ್ದೆ. ನೆಲ ಕುಸಿದು ಸಮುದ್ರದ ನೀರು ಒಳಗೆ ಬಂತು. ಈಗ ನೀರುಹಕ್ಕಿಗಳ ಜಾಗ. ಗದ್ದೆ ಕಳೆದುಕೊಂಡವರ ಸಂಕಟ ಬೇರೆ, ಅದನ್ನು ಮರೆತು ಬರೀ ಹಕ್ಕಿ ಎಣಿಸಲು ನನಗೆ ಆಗಲಿಲ್ಲ.

ಇನ್ನೊಂದು. ಕಾಡಿನ ಕೆಳಭಾಗ ಕೆಲವು ಕಡೆ ಬೋಳಾಗಿ ಕಂಡರೆ ಕಾರಣ ಚುಕ್ಕೆ ಜಿಂಕೆ. ಬ್ರಿಟಿಷರು ಬೇಟೆಗೆ ಅಂತ ತಂದು ಬಿಟ್ಟರು. ಹಿಡಿದು ತಿನ್ನುವ ಹುಲಿ, ಚಿರತೆ ಇಲ್ಲ. ಸಸಿ ಎದ್ದ ಕೂಡಲೇ ಮೇಯ್ದುಬಿಡುತ್ತವೆ. ರಾಸ್ ದ್ವೀಪದಲ್ಲಿ ಪ್ರವಾಸಿಗಳು ಅವುಗಳಿಗೆ ಬಿಸ್ಕತ್ತು ಹಾಕುವುದನ್ನು ನೋಡಿದರೆ ಬೇಜಾರಾಗುತ್ತದೆ.

ಘಟ್ಟದವಳು

ಜಿಂಕೆಯ ವಿಷಯ ಸರಿಯಾಗಿ ಹೇಳಿದಿರಿ. 2004ರ ಬಗ್ಗೆ ಇವರು ಒಂದು ಮಾತು ಸೇರಿಸು ಅನ್ನುತ್ತಿದ್ದಾರೆ. ದ್ವೀಪಗಳ ಸಾಲು ಒಂದು ಕಡೆ ಎದ್ದು ಒಂದು ಕಡೆ ಕುಸಿಯಿತು. ಉತ್ತರ ಅಂಡಮಾನಿನ ಪಶ್ಚಿಮದಲ್ಲಿ ನೆಲ ಒಂದು ಮೀಟರಿಗಿಂತ ಜಾಸ್ತಿ ಎದ್ದು, ಬದುಕಿದ್ದ ಹವಳದ ದಿಬ್ಬಗಳೇ ನೀರಿನಿಂದ ಹೊರಗೆ ಬಂದು ಒಣಗಿದವು. ನಿಕೋಬಾರಿನ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಜಾಸ್ತಿ ಕುಸಿಯಿತು. ಎಲಿಫೆಂಟ್ ಬೀಚಿನಲ್ಲಿ ಬುಡಮೇಲಾಗಿ ಬಿದ್ದ, ಬೆಳ್ಳಗೆ ಸವೆದ ದೊಡ್ಡ ಮರಗಳ ಮೇಲೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಸುನಾಮಿಯ ಗುರುತು ಅವು.

ಹೊಸಜೋಡಿಗೆ ಇನ್ನೊಂದು ಎಚ್ಚರಿಕೆ. ಮೊಸಳೆ ಇದೆ. ಉಪ್ಪುನೀರಿನ ಮೊಸಳೆ, ಕಾಂಡ್ಲಾ ಹಳ್ಳಗಳಲ್ಲಿ ಇರುತ್ತದೆ, ಸಮುದ್ರದಲ್ಲೂ ಈಜುತ್ತದೆ. 2010ರಲ್ಲಿ ಹ್ಯಾವ್ಲಾಕ್‌ನಲ್ಲೇ ರಾಧಾನಗರದ ಪಕ್ಕದ ಕೊಲ್ಲಿಯಲ್ಲಿ ಸ್ನಾರ್ಕೆಲ್ ಮಾಡುತ್ತಿದ್ದ ವಿದೇಶಿ ಮಹಿಳೆಯೊಬ್ಬರು ಅದರ ಬಾಯಿಗೆ ಸಿಕ್ಕಿ ತೀರಿಕೊಂಡರು. ಹೆದರಬೇಕಿಲ್ಲ. ಬೋರ್ಡ್ ಹಾಕಿದ ಜಾಗದಲ್ಲಿ, ಹಳ್ಳ ಸಮುದ್ರ ಸೇರುವ ಕಡೆ, ಮುಸ್ಸಂಜೆ ಮೇಲೆ ನೀರಿಗೆ ಇಳಿಯಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ಚರ್ಚೆ ಮಾಡದೆ ಹೊರಗೆ ಬನ್ನಿ.

ಹೊಸಜೋಡಿ ಮೈಸೂರು

ಬಾರಾಟಾಂಗ್ ತೆಗೆಸಿ ನೀಲ್‌ನಲ್ಲಿ ಇನ್ನೊಂದು ರಾತ್ರಿ ಹಾಕಿಸಿದೆವು ಅಕ್ಕ. ಏಜೆಂಟ್ ಮೊದಲು ಒಪ್ಪಲಿಲ್ಲ, ಆಮೇಲೆ ದಾರಿಗೆ ಬಂದರು. ನನ್ನ ಹೆಂಡತಿ ಕೇಳುತ್ತಿದ್ದಾಳೆ, ಬೀಚಿನಲ್ಲಿ ಸತ್ತು ಬಿದ್ದ ಹವಳದ ತುಂಡು, ಚಿಪ್ಪು ತರಬಹುದಾ? ಮನೆಯಲ್ಲಿ ಶೋಕೇಸಿಗೆ ಇಡಲು.

ಬ್ಲೇರ್ ಕನ್ನಡಿಗ

ಬೇಡವೇ ಬೇಡ. ಗಟ್ಟಿ ಹವಳ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಸತ್ತ ತುಂಡಾದರೂ ಅಷ್ಟೇ. ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಕಾಣುತ್ತದೆ, ತೆಗೆದಿಟ್ಟುಕೊಳ್ಳುತ್ತಾರೆ. ಖಾಲಿ ಶಂಖ, ಚಿಪ್ಪುಗಳನ್ನೂ ಅಲ್ಲೇ ಬಿಡಿ. ಸನ್ಯಾಸಿ ಏಡಿಗಳಿಗೆ ಅದೇ ಮನೆ. ಬೇಕಿದ್ದರೆ ಪಡೌಕ್ ಮರದ ಸಣ್ಣ ಕೆತ್ತನೆ ಸರ್ಕಾರಿ ಎಂಪೋರಿಯಂನಲ್ಲಿ ಬಿಲ್ ಸಮೇತ ತೆಗೆದುಕೊಳ್ಳಿ. ಬಿಲ್ ಜೋಪಾನ.

ತುಮಕೂರು ಮಗಳು

ಎಲ್ಲ ಓದಿದೆ. ನನ್ನದು ಬೇರೆ ಥರದ ಪ್ರಶ್ನೆ. ನಮ್ಮ ಜೊತೆ ಅಮ್ಮ ಬರುತ್ತಿದ್ದಾರೆ. ಮಂಡಿ ನೋವು, ನೀರಿಗೆ ಇಳಿಯುವ ಹಾಗಿಲ್ಲ. ಅವರಿಗೂ ಹವಳ ತೋರಿಸುವ ಆಸೆ ನಮಗೆ. ಏನಾದರೂ ದಾರಿ ಇದೆಯಾ?

ಘಟ್ಟದವಳು

ಇದೆ, ಖಂಡಿತ ತೋರಿಸಿ. ವಂಡೂರಿನಿಂದ ಜಾಲಿ ಬಾಯ್‌ಗೆ ಹೋಗಿ. ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದೊಳಗಿನ ದ್ವೀಪ, 1983ರಲ್ಲಿ ಉದ್ಯಾನ ಆಗಿದ್ದು. ವರ್ಷವಿಡೀ ತೆರೆದಿರುವುದಿಲ್ಲ. ಮಳೆಗಾಲದಲ್ಲಿ ಅದನ್ನು ಮುಚ್ಚಿ ರೆಡ್ ಸ್ಕಿನ್ ದ್ವೀಪ ತೆರೆಯುತ್ತಾರೆ, ಎರಡಕ್ಕೂ ಸ್ವಲ್ಪ ಬಿಡುವು ಸಿಗಲಿ ಅಂತ. ಅಲ್ಲಿ ತಳಕ್ಕೆ ಗಾಜು ಹಾಕಿದ ದೋಣಿ ಇದೆ. ಕುಳಿತಲ್ಲೇ ಹವಳ, ಮೀನು ಕಾಣುತ್ತವೆ. ಹತ್ತಿ ಇಳಿಯುವಾಗ ಮಾತ್ರ ದೋಣಿ ಅಲುಗಾಡುತ್ತದೆ, ಇಬ್ಬರು ಎರಡೂ ಕಡೆ ಹಿಡಿದುಕೊಳ್ಳಿ.

ಪ್ಲಾಸ್ಟಿಕ್ ಒಯ್ಯಲು ಬಿಡುವುದಿಲ್ಲ. ಜೆಟ್ಟಿಯಲ್ಲೇ ಚೀಲ ನೋಡುತ್ತಾರೆ, ಹಾಗಾಗಿ ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ ಒಳ್ಳೆಯದು. ದ್ವೀಪದಲ್ಲಿ ಅಂಗಡಿ ಇಲ್ಲ. ನಾವು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದೆವು. ಅಮ್ಮನಿಗೆ ಟೋಪಿ, ಮಾತ್ರೆ, ಕೂರಲು ಒಂದು ಟವೆಲ್ ಮರೆಯಬೇಡಿ. ಪರ್ಮಿಟ್‌ಗೆ ಆಧಾರ್ ಪ್ರತಿ ಬೇಕು, ಹಿಂದಿನ ದಿನವೇ ಮಾಡಿಸಿಕೊಂಡರೆ ಬೆಳಿಗ್ಗೆ ಗಡಿಬಿಡಿ ಇರುವುದಿಲ್ಲ. ಹೋಗುವ ತಿಂಗಳು ತಿಳಿಸಿ, ಆ ವಾರದ ಉಬ್ಬರ ಇಳಿತದ ಹೊತ್ತು ಇವರು ನೋಡಿ ಹೇಳುತ್ತಾರೆ.